ಗೇಯೆನ್, ಲೌಫೆನ್, ರೆನ್ನೆನ್: ಜರ್ಮನ್ನರು ಯಾವಾಗ ನಡೆಯುತ್ತಾರೆ, ಯಾವಾಗ ಓಡುತ್ತಾರೆ?

ಜರ್ಮನ್ ಕಲಿಯಲು ಕುಳಿತವರಿಗೆ ಮೊದಲ ಕೆಲವು ಪಾಠಗಳಲ್ಲೇ ‘ಲೌಫೆನ್’ ಎಂಬ ಕ್ರಿಯಾಪದ ಎದುರಾಗುತ್ತದೆ. ನಿಘಂಟು ತೆರೆದರೆ ಅದರ ಮುಂದೆ ‘ಓಡು’ ಎಂದೂ ಇರುತ್ತದೆ, ‘ನಡೆ’ ಎಂದೂ ಇರುತ್ತದೆ. ‘ಗೇಯೆನ್’ ಎಂಬ ಇನ್ನೊಂದು ಪದಕ್ಕೆ ‘ಹೋಗು’ ಮತ್ತು ‘ನಡೆ’. ಮೂರನೆಯದು ‘ರೆನ್ನೆನ್’, ಅದಕ್ಕೂ ‘ಓಡು’. ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂಬುದಕ್ಕೂ ನಿಯಮ ಬರೆದಿಟ್ಟುಕೊಂಡಿರುವ ಜನ, ಓಡುವುದನ್ನೂ ನಡೆಯುವುದನ್ನೂ ಒಂದೇ ಪದದಲ್ಲಿ ಹೇಳಿ ಹೇಗೆ ನಿಭಾಯಿಸುತ್ತಾರೆ ಎಂದು ಯಾರಿಗಾದರೂ ಅನ್ನಿಸಬೇಕು.

ಈ ಗೊಂದಲದಲ್ಲಿ ಅರ್ಧ ಪಾಲು ನಾವು ಹಿಡಿದ ದಾರಿಯದು. ನಮ್ಮಲ್ಲಿ ಬಹುಪಾಲು ಜನ ಜರ್ಮನ್ ಕಲಿಯುವುದು ಇಂಗ್ಲಿಷ್ ಮೂಲಕ. ಮನುಷ್ಯರ ಕಾಲಿನ ಮಟ್ಟಿಗೆ ಇಂಗ್ಲಿಷ್ ಬಹಳ ಕಟ್ಟುನಿಟ್ಟು: ವಾಕ್ ಎಂದರೆ ನಡಿಗೆ, ರನ್ ಎಂದರೆ ಓಟ, ಗೋ ಎಂದರೆ ಹೇಗಾದರೂ ಹೋಗುವುದು. ಜರ್ಮನ್ ಪದಗಳನ್ನು ಈ ಮೂರು ಖಾನೆಗಳಿಗೆ ಹಂಚಲು ಹೊರಟರೆ ಒಂದೂ ಸರಿಯಾಗಿ ಕೂರುವುದಿಲ್ಲ. ಕನ್ನಡದ ಕಡೆಯಿಂದ ಹೋದರೆ ದಾರಿ ಸಲೀಸು. ನಮ್ಮ ನಡೆ, ಓಡು, ಹೋಗು ಕೂಡ ತಮ್ಮ ಗಡಿಯೊಳಗೆ ಇರುವ ಪದಗಳಲ್ಲ. ಮದುವೆ ನಡೆಯುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಮಳೆ ಬಂದ ಕೂಡಲೇ ಕರೆಂಟ್ ಹೋಗುತ್ತದೆ. ಮಗಳ ಸೀಟಿಗಾಗಿ ಆರು ತಿಂಗಳು ಓಡಾಡಿದೆ ಎಂದು ತಂದೆ ಹೇಳಿದರೆ, ಅವರು ಬೆವರು ಸುರಿಸುತ್ತ ಓಡಿದರೆಂದು ಯಾರೂ ತಿಳಿಯುವುದಿಲ್ಲ. ಬಸ್ಸಿನಲ್ಲಿ, ಆಟೊದಲ್ಲಿ ಹೋಗಿ ಬಂದಿರುತ್ತಾರೆ. ಈ ಸಡಿಲಿಕೆ ಅಭ್ಯಾಸವಿರುವ ಕಿವಿಗೆ ಜರ್ಮನ್ ಅಷ್ಟೇನೂ ವಿಚಿತ್ರವಾಗಿ ಕೇಳಿಸಬಾರದು.

ಗೇಯೆನ್: ಚಕ್ರವಿಲ್ಲದ ಹೋಗುವಿಕೆ

ಬರವಣಿಗೆಯಲ್ಲಿ ಇದರ ನಡುವೆ ‘ಹ’ಕಾರದ ಅಕ್ಷರವೊಂದು ಇದೆ, ಆದರೆ ಉಚ್ಚರಿಸುವುದಿಲ್ಲ, ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಅದರ ಕೆಲಸ. ಅರ್ಥದ ಮಟ್ಟಿಗೆ ನಮ್ಮ ‘ಹೋಗು’ವಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕನ್ನಡದಲ್ಲಿ ಮೈಸೂರಿಗೆ ರೈಲಿನಲ್ಲಾದರೂ ಹೋಗಬಹುದು, ಕಾಲ್ನಡಿಗೆಯಲ್ಲಾದರೂ ಹೋಗಬಹುದು, ಕ್ರಿಯಾಪದ ಬದಲಾಗುವುದಿಲ್ಲ. ಜರ್ಮನ್ ಮೊದಲು ಕೇಳುವ ಪ್ರಶ್ನೆಯೇ ವಾಹನ ಇದೆಯೇ ಇಲ್ಲವೇ ಎಂದು. ಬಸ್ಸು, ಕಾರು, ರೈಲು, ಹಡಗು, ಸೈಕಲ್ಲು ಯಾವುದೇ ಇದ್ದರೂ ಕ್ರಿಯಾಪದ ‘ಫಾರೆನ್’. ವಿಮಾನವಾದರೆ ‘ಫ್ಲೀಗೆನ್’, ಅಂದರೆ ಹಾರು. ಗೇಯೆನ್ ಉಳಿಯುವುದು ಸ್ವಂತ ಕಾಲಿನ ಮೇಲೆ ಹೋಗುವವರಿಗೆ.

ಮ್ಯೂನಿಕ್‌ನಲ್ಲಿರುವ ಗೆಳೆಯನೊಬ್ಬನಿಗೆ ‘ಇಖ್ ಗೇಯೆ ಮೋರ್ಗೆನ್ ನಾಖ್ ಬೆರ್ಲೀನ್’, ನಾಳೆ ಬರ್ಲಿನ್‌ಗೆ ಹೋಗುತ್ತೇನೆ ಎಂದು ಹೇಳಿದಿರಿ ಎನ್ನಿ. ವಾರಾಂತ್ಯದ ಪ್ರವಾಸ ಎಂದು ನಿಮ್ಮ ಮನಸ್ಸಿನಲ್ಲಿದೆ. ಅವನ ಕಿವಿಯಲ್ಲಿ ಎರಡು ಸಾಧ್ಯತೆಗಳು ಏಳುತ್ತವೆ: ಒಂದೋ ನೀವು ಐನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆಯಲು ಹೊರಟಿದ್ದೀರಿ, ಇಲ್ಲವೇ ಇಲ್ಲಿನ ಮನೆ ಖಾಲಿ ಮಾಡಿ ಅಲ್ಲಿ ನೆಲೆಸಲು ಹೋಗುತ್ತಿದ್ದೀರಿ. ಎರಡನೆಯದು ನಿಜವಾದ ಬಳಕೆ. ಓದಿಗೋ ಕೆಲಸಕ್ಕೋ ಒಂದು ಊರಿಗೆ, ದೇಶಕ್ಕೆ ಹೋಗಿ ಇರುವುದಕ್ಕೆ ಗೇಯೆನ್ ಬಳಸುತ್ತಾರೆ. ಬೆಂಗಳೂರಿನ ಎಂಜಿನಿಯರ್ ಕಂಪನಿ ಬದಲಿಸಿ ಸ್ಟುಟ್‌ಗಾರ್ಟ್‌ಗೆ ಹೋದರೆ ಅದು ಗೇಯೆನ್. ಅವರ ತಾಯಿ ಅವರನ್ನು ನೋಡಲು ಹೋಗಿ ತಿಂಗಳಿದ್ದು ಬಂದರೆ ಅದು ಫ್ಲೀಗೆನ್.

ಶಾಲೆಗೆ, ಸಿನಿಮಾಗೆ, ವೈದ್ಯರ ಹತ್ತಿರ, ಈಜಲು, ಸಾಮಾನು ತರಲು ಹೋಗುವಾಗ ಮಾತ್ರ ವಾಹನದ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಮುಖ್ಯವಾದದ್ದು ಹೋಗುವ ಉದ್ದೇಶ, ಹೋಗುವ ಬಗೆಯಲ್ಲ. ಮಗು ದಿನವೂ ಬಸ್ಸಿನಲ್ಲೇ ಶಾಲೆಗೆ ಹೋದರೂ ಅದು ‘ಗೇಟ್ ತ್ಸೂರ್ ಶೂಲೆ’, ಶಾಲೆಗೆ ಹೋಗುವ ಮಗುವೇ.

ಗೇಯೆನ್‌ನ ಉಳಿದ ಬಾಳನ್ನು ಕನ್ನಡದ ‘ನಡೆ’ ಸುಲಭವಾಗಿ ವಿವರಿಸುತ್ತದೆ. ‘ವೀ ಗೇಟ್ಸ್?’ ಎಂದರೆ ಹೇಗೆ ನಡೆಯುತ್ತಿದೆ, ಹೇಗಿದ್ದೀರಿ. ಅದಕ್ಕೆ ಯಾರಾದರೂ ‘ಎಸ್ ಗೇಟ್’ ಎಂದು ಉತ್ತರಿಸಿದರೆ ಖುಷಿಪಡಬೇಡಿ. ಅದು ‘ಏನೋ ನಡೆಯುತ್ತಿದೆ’ ಎಂಬ ನಿಟ್ಟುಸಿರಿನ ಉತ್ತರ. ‘ದಾಸ್ ಗೇಟ್ ನಿಖ್ಟ್’ ಎಂದರೆ ‘ಅದೆಲ್ಲ ನಡೆಯುವುದಿಲ್ಲ’. ಮನೆ ಮಾಲೀಕರು, ಸರ್ಕಾರಿ ಕಚೇರಿಯ ಗುಮಾಸ್ತರು, ರೈಲಿನ ಟಿಕೆಟ್ ತಪಾಸಕರು ಬಹಳ ಪ್ರೀತಿಯಿಂದ ಬಳಸುವ ವಾಕ್ಯವಿದು. ಇಂಗ್ಲಿಷಿನಿಂದ ಹೋದವರು ಈ ಮೂರು ವಾಕ್ಯಗಳನ್ನೂ ಬಾಯಿಪಾಠ ಮಾಡುತ್ತಾರೆ. ನಾವು ಅನುವಾದಿಸಿದರೆ ಸಾಕು.

ಲೌಫೆನ್: ಊರು ಬದಲಾದರೆ ವೇಗ ಬದಲಾಗುತ್ತದೆ

ಈಗ ತೊಡಕಿನ ಪದಕ್ಕೆ ಬರೋಣ. ಲೌಫೆನ್ ಎಂದರೆ ಓಡುವುದೋ ನಡೆಯುವುದೋ ಎಂದು ಜರ್ಮನ್ನರನ್ನೇ ಕೇಳಿದರೆ, ಉತ್ತರ ಹೇಳುವವರು ಎಲ್ಲಿಯವರು ಎಂಬುದನ್ನು ಅವಲಂಬಿಸುತ್ತದೆ. ಉತ್ತರ ಜರ್ಮನಿಯ ಕಡೆ ಲೌಫೆನ್ ಎಂದಾಗ ಮೊದಲು ಕಣ್ಣಿಗೆ ಬರುವುದು ಓಟ. ದಕ್ಷಿಣಕ್ಕೆ ಇಳಿಯುತ್ತ ಬಂದಂತೆ ಅದು ನಿಧಾನವಾಗುತ್ತದೆ. ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬಿಯಾದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಅದು ಸರಳವಾದ ನಡಿಗೆ. ಅಲ್ಲಿ ದಾರಿ ಕೇಳಿದಾಗ ‘ಹತ್ತು ನಿಮಿಷ, ಲೌಫೆನ್ ಮಾಡಬಹುದು’ ಎಂದು ಹೇಳಿದರೆ ಚೀಲ ಎದೆಗವಚಿಕೊಂಡು ಓಡಬೇಕಾಗಿಲ್ಲ.

ಹಾಗಾದರೆ ಆ ದಕ್ಷಿಣದವರು ಓಡುವುದಕ್ಕೆ ಏನೆನ್ನುತ್ತಾರೆ? ‘ಶ್ಪ್ರಿಂಗೆನ್’. ಪಠ್ಯಪುಸ್ತಕದ ಜರ್ಮನ್‌ನಲ್ಲಿ ಅದರ ಅರ್ಥ ಜಿಗಿಯುವುದು. ಬಸ್ಸು ಹೊರಡುತ್ತಿರುವಾಗ ಶ್ವಾಬಿಯಾದ ಅಜ್ಜಿ ಮೊಮ್ಮಗನಿಗೆ ‘ಶ್ಪ್ರಿಂಗ್!’ ಎಂದು ಕೂಗಿದರೆ, ಹುಡುಗ ನಿಂತಲ್ಲೇ ಕುಪ್ಪಳಿಸುವುದಿಲ್ಲ, ಬಸ್ಸಿನ ಹಿಂದೆ ಓಡುತ್ತಾನೆ. ಓಟಕ್ಕೆ ಜಿಗಿತದ ಪದ ಹೋಯಿತಲ್ಲ, ಇನ್ನು ಜಿಗಿಯುವುದಕ್ಕೆ? ಸ್ವಿಸ್ ಜರ್ಮನ್‌ನಲ್ಲಿ ಅದಕ್ಕೆ ‘ಗುಂಪೆ’ ಎಂಬ ಪ್ರತ್ಯೇಕ ಪದವಿದೆ. ಒಂದು ಪದ ಪಕ್ಕಕ್ಕೆ ಸರಿದರೆ ಅದರ ಮುಂದಿನದೂ ಸರಿಯಬೇಕಾಗುತ್ತದೆ. ಒಂದೇ ಸಾಲಿನಲ್ಲಿ ಕುಳಿತ ಪದಗಳ ಹಣೆಬರಹವೇ ಇಷ್ಟು.

ಇದು ಜರ್ಮನ್ ಒಂದರದೇ ಹಣೆಬರಹವೂ ಅಲ್ಲ. ನೆರೆಯ ಡಚ್ ಭಾಷೆಯಲ್ಲಿ ಲೌಫೆನ್‌ನ ಸೋದರ ಪದ ‘ಲೋಪೆನ್’. ನೆದರ್ಲೆಂಡ್ಸ್‌ನಲ್ಲಿ ಅದು ನಡಿಗೆ, ಗಡಿ ದಾಟಿ ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ಗೆ ಹೋದರೆ ಓಟ. ಇಂಗ್ಲಿಷಿನಲ್ಲಿ ಅದೇ ಮೂಲದಿಂದ ಬಂದ ಪದ ‘ಲೀಪ್’, ಜಿಗಿತ. ಒಂದೇ ಬೇರಿನಿಂದ ಮೂರು ಕಡೆ ಮೂರು ವೇಗ.

ಕನ್ನಡದ ಚರಿತ್ರೆಯಲ್ಲೇ ಈ ಎರಡೂ ಸೀಮೆಯವರು ಸಿಗುತ್ತಾರೆ. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ದಕ್ಷಿಣದ ವ್ಯೂರ್ಟೆಂಬರ್ಗ್‌ನಲ್ಲಿ, ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಉತ್ತರದ ಸಮುದ್ರ ತೀರದ ಪೂರ್ವ ಫ್ರೀಸಿಯಾದಲ್ಲಿ. ಇಬ್ಬರನ್ನೂ ಕರಾವಳಿಗೆ ಕಳುಹಿಸಿದ ಮಿಷನ್ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಅಂದರೆ ಲೌಫೆನ್ ಎಂದರೆ ನಡಿಗೆಯಾಗಿರುವ ಸೀಮೆಯಲ್ಲಿ. ನಮ್ಮ ಹಿರಿಯ ನಿಘಂಟುಕಾರರಿಗೆ ಪರಭಾಷೆಯ ಕ್ರಿಯಾಪದಗಳ ಅರ್ಥಛಾಯೆಗಳನ್ನು ಬಿಡಿಸಿ ನೋಡುವ ಅಭ್ಯಾಸ ಮನೆಯಲ್ಲೇ ಆಗಿತ್ತೇನೋ ಎಂದು ತಮಾಷೆಗೆ ಊಹಿಸಬಹುದು. ಅದು ಊಹೆಯಷ್ಟೇ.

ಪ್ರದೇಶವನ್ನು ಬದಿಗಿಟ್ಟು, ಇಡೀ ಜರ್ಮನಿಯಲ್ಲಿ ಲೌಫೆನ್ ನಡಿಗೆಯಾಗುವ ಸಂದರ್ಭಗಳೂ ಇವೆ. ಅಂಬೆಗಾಲಿನ ಮಗು ಎದ್ದು ಮೊದಲ ಹೆಜ್ಜೆ ಇಟ್ಟರೆ, ಹ್ಯಾಂಬರ್ಗ್‌ನಲ್ಲೂ ಅದು ‘ಲೌಫೆನ್’ ಕಲಿಯಿತು ಎಂದೇ ಹೇಳುತ್ತಾರೆ. ಕಾರು ಕೆಟ್ಟು ಕಾಲೇ ಗತಿಯಾದಾಗ ಹೇಳುವುದೂ ಲೌಫೆನ್. ಫ್ಯಾಷನ್ ಷೋನ ರ‍್ಯಾಂಪ್‌ಗೆ ‘ಲೌಫ್‌ಶ್ಟೇಗ್’ ಎಂದು ಹೆಸರು. ಅಲ್ಲಿ ಯಾರೂ ಓಡುವುದನ್ನು ನಾನು ಕಂಡಿಲ್ಲ. ಓಟವೇ ಆಗುವ ಕಡೆಗಳೂ ಇವೆ: ಮ್ಯಾರಥಾನ್ ಓಡುವುದು ಲೌಫೆನ್, ನೂರು ಮೀಟರ್ ಓಟ ‘ಲೌಫ್’, ಓಟಗಾರ ‘ಲಾಯ್ಫರ್’. ಚದುರಂಗದಲ್ಲಿ ಕರ್ಣರೇಖೆಯ ಮೇಲೆ ಸಾಗುವ ಕಾಯಿಗೂ ಲಾಯ್ಫರ್ ಎಂದೇ ಹೆಸರು. ನಾವು ಅದೇ ಕಾಯಿಯನ್ನು ಒಂಟೆ ಎನ್ನುತ್ತೇವೆ.

ಮನುಷ್ಯರಿಂದಾಚೆಗೆ ಲೌಫೆನ್ ನಮ್ಮ ‘ಓಡು’ ಮತ್ತು ‘ನಡೆ’ ಎರಡರ ಕೆಲಸವನ್ನೂ ಮಾಡುತ್ತದೆ. ಸಿನಿಮಾ ಓಡುತ್ತದೆ, ಎಂಜಿನ್ ಓಡುತ್ತದೆ, ವ್ಯಾಪಾರ ಚೆನ್ನಾಗಿ ನಡೆಯುತ್ತದೆ, ಕೇಸು ನಡೆಯುತ್ತದೆ. ನೀರು ಹರಿಯುವುದು, ನೆಗಡಿಯಾದಾಗ ಮೂಗು ಸೋರುವುದು ಕೂಡ ಲೌಫೆನ್. ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ಸ್ವವಿವರ ‘ಲೇಬೆನ್ಸ್‌ಲೌಫ್’, ಬದುಕಿನ ಓಟ. ರಕ್ತಪರಿಚಲನೆ ‘ಕ್ರೈಸ್‌ಲೌಫ್’. ಜರ್ಮನ್ನರು ಅರ್ಧ ಆಯಾಸಕ್ಕೆಲ್ಲ ಈ ಕ್ರೈಸ್‌ಲೌಫ್ ಅನ್ನೇ ದೂರುತ್ತಾರೆ, ನಾವು ಉಷ್ಣವನ್ನೋ ಪಿತ್ತವನ್ನೋ ದೂರಿದ ಹಾಗೆ.

ರೆನ್ನೆನ್, ಮತ್ತು ರೇಸಿನ ವಿಚಾರ

ರೆನ್ನೆನ್ ಬಗ್ಗೆ ಅನುಮಾನವಿಲ್ಲ. ಅದು ಓಟ, ಅದೂ ಜೋರಾದ ಓಟ. ಈಜುಕೊಳದ ಅಂಚಿನಲ್ಲಿ, ಶಾಲೆಯ ಮೊಗಸಾಲೆಯಲ್ಲಿ ಮಕ್ಕಳಿಗೆ ಹೇಳುವುದು ‘ನಿಖ್ಟ್ ರೆನ್ನೆನ್!’, ಓಡಬೇಡಿ. ಲೌಫೆನ್ ಬಳಸಿ ಅದೇ ಎಚ್ಚರಿಕೆ ಕೊಟ್ಟರೆ ದಕ್ಷಿಣದ ಮಕ್ಕಳು ಹೆಜ್ಜೆಯನ್ನೇ ಇಡುವಂತಿಲ್ಲ. ಎರಡು ಅರ್ಥದ ಪದ ಒಂದು ಭಾಷೆಯಲ್ಲಿ ಬಾಳಬೇಕಾದರೆ ಪಕ್ಕದಲ್ಲಿ ಒಂದೇ ಅರ್ಥದ ಪದ ಕಾವಲಿಗಿರಬೇಕು. ವೇಗದ ಕಡೆ ಆ ಕಾವಲು ರೆನ್ನೆನ್‌ನದು, ನಿಧಾನದ ಕಡೆ ‘ತ್ಸು ಫೂಸ್ ಗೇಯೆನ್’, ಕಾಲ್ನಡಿಗೆಯಲ್ಲಿ ಹೋಗು ಎಂಬುದರದು.

ಇದರ ಹುಟ್ಟು ಕುತೂಹಲದ್ದು. ‘ರಿನ್ನೆನ್’ ಎಂದರೆ ಹರಿ, ತೊಟ್ಟಿಕ್ಕು. ಅದರ ಪ್ರೇರಣಾರ್ಥಕ ರೂಪವಾಗಿ ಬಂದದ್ದು ರೆನ್ನೆನ್: ಹರಿಯುವಂತೆ ಮಾಡು, ಓಡಿಸು. ಕನ್ನಡದ ಓಡು–ಓಡಿಸು ಜೋಡಿಯಲ್ಲಿ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಸ್ವರದ ಬದಲಾವಣೆ ಮಾಡಿದೆ. ಮಧ್ಯಯುಗದಲ್ಲಿ ಮುಖ್ಯವಾಗಿ ಕುದುರೆಯನ್ನು ಓಡಿಸುವುದಕ್ಕೆ ಬಳಕೆಯಲ್ಲಿದ್ದ ಪದ, ಬರಬರುತ್ತ ಸವಾರನನ್ನು ಕೆಳಗಿಳಿಸಿ ತಾನೇ ಓಡತೊಡಗಿತು.

ಕುದುರೆಯ ನೆನಪು ಇನ್ನೊಂದು ಕಡೆ ಉಳಿದಿರುವಂತೆ ಕಾಣುತ್ತದೆ. ಸ್ಪರ್ಧೆಗೆ ಜರ್ಮನ್‌ನಲ್ಲಿ ‘ರೆನ್ನೆನ್’ ಮತ್ತು ‘ಲೌಫ್’ ಎಂಬ ಎರಡು ನಾಮಪದಗಳಿವೆ. ಕುದುರೆ ರೇಸು, ಕಾರು ರೇಸು, ಸೈಕಲ್ ರೇಸು ಎಲ್ಲ ರೆನ್ನೆನ್. ರೇಸಿನ ಸೈಕಲ್ ‘ರೆನ್‌ರಾಡ್’. ಮನುಷ್ಯ ತನ್ನ ಕಾಲಿನಲ್ಲಿ ಓಡುವ ಅಧಿಕೃತ ಸ್ಪರ್ಧೆಗಳೆಲ್ಲ ಲೌಫ್: ನೂರು ಮೀಟರ್, ಹರ್ಡಲ್ಸ್, ರಿಲೇ. ಜಗತ್ತಿನ ಅತಿ ವೇಗದ ಓಟಗಾರನೂ ಕ್ರೀಡಾಪುಟದಲ್ಲಿ ರೆನ್ನೆನ್ ಮಾಡುವುದಿಲ್ಲ, ಲೌಫೆನ್ ಮಾಡುತ್ತಾನೆ. ಮುದುರಿದ ರಟ್ಟಿನಂತಿದ್ದ ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿಗೆ ಮಾತ್ರ ಜನ ಗೇಲಿಯಿಂದ ‘ರೆನ್‌ಪಾಪೆ’, ರೇಸಿನ ರಟ್ಟು ಎಂದು ಹೆಸರಿಟ್ಟಿದ್ದರು.

ಥುರಿಂಗಿಯಾದ ಬೆಟ್ಟಸಾಲಿನ ಮೇಲೆ ಸುಮಾರು 170 ಕಿಲೋಮೀಟರ್ ಉದ್ದದ ಹಳೆಯ ದಾರಿಯೊಂದಿದೆ, ಹೆಸರು ‘ರೆನ್‌ಶ್ಟೈಗ್’. ಸವಾರರೂ ದೂತರೂ ಬಳಸುತ್ತಿದ್ದ ಕಿರುದಾರಿ ಎಂದು ಆ ಹೆಸರನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಈಗ ಅಲ್ಲಿ ಬಹುಪಾಲು ಜನ ಮಾಡುವುದು ‘ವಾಂಡರ್ನ್’, ಅಂದರೆ ಚಾರಣ. 1973ರಿಂದ ಆ ದಾರಿಯಲ್ಲಿ ದೂರದ ಓಟದ ಸ್ಪರ್ಧೆ ನಡೆಯುತ್ತದೆ, ಅದರ ಹೆಸರು ‘ರೆನ್‌ಶ್ಟೈಗ್‌ಲೌಫ್’. ದಾರಿಯ ಹೆಸರಿನಲ್ಲಿ ರೆನ್ನೆನ್, ಸ್ಪರ್ಧೆಯ ಹೆಸರಿನಲ್ಲಿ ಲೌಫ್. ಮೇಲಿನ ನಿಯಮಕ್ಕೆ ಎರಡೂ ಬದ್ಧ.

ಆಸ್ಟ್ರಿಯಾಕ್ಕೆ ಹೋದರೆ ರೆನ್ನೆನ್ ಮತ್ತೆ ಸಡಿಲ. ವಿಯೆನ್ನಾದಲ್ಲಿ ಎಂಜಿನ್ನೂ ಟಿ.ವಿ.ಯೂ ‘ರೆನ್ಟ್’. ಹರಟೆಯಲ್ಲಿ ಹಾಸ್ಯ ಚಟಾಕಿ ಒಂದರ ಹಿಂದೊಂದು ಸಿಡಿಯುತ್ತಿದ್ದರೆ ‘ಶ್ಮೇ ರೆನ್ಟ್’ ಎನ್ನುತ್ತಾರೆ.

ಕ್ರೀಡೆಯ ಮಾತು ಬಂದದ್ದರಿಂದ ಒಂದು ಪ್ರಸಂಗ. ಅಥ್ಲೆಟಿಕ್ಸ್‌ನಲ್ಲಿ ವೇಗನಡಿಗೆ ಎಂಬ ಸ್ಪರ್ಧೆಯಿದೆ, ಜರ್ಮನ್‌ನಲ್ಲಿ ಅದರ ಹೆಸರು ಬರಿಯ ‘ಗೇಯೆನ್’, ಸ್ಪರ್ಧಿ ‘ಗೇಯರ್’. ನಿಯಮ ಹೀಗೆ: ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದಗಳು ಒಟ್ಟಿಗೆ ನೆಲ ಬಿಡಬಾರದು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ಕೆಳಗೆ ನೆಟ್ಟಗಾಗುವವರೆಗೆ ಮೊಣಕಾಲು ಬಾಗಬಾರದು. ನಡಿಗೆ ಎಲ್ಲಿ ಮುಗಿದು ಓಟ ಎಲ್ಲಿ ಶುರುವಾಗುತ್ತದೆ ಎಂಬುದನ್ನು ತೀರ್ಪುಗಾರರು ದಾರಿಯುದ್ದಕ್ಕೂ ನಿಂತು ನೋಡುತ್ತಾರೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ 50 ಕಿಲೋಮೀಟರ್ ಗೇಯೆನ್‌ನ ಚಿನ್ನ ಗೆದ್ದವರು ಪೂರ್ವ ಜರ್ಮನಿಯ ಹಾರ್ಟ್‌ವಿಗ್ ಗೌಡರ್, ನಾಲ್ಕು ಗಂಟೆಗಿಂತ ಕಡಿಮೆ ಸಮಯದಲ್ಲಿ. ಅಂದರೆ ಗಂಟೆಗೆ ಹನ್ನೆರಡೂವರೆ ಕಿಲೋಮೀಟರಿಗೂ ಹೆಚ್ಚು. ಪಾರ್ಕಿನಲ್ಲಿ ಬೆಳಿಗ್ಗೆ ಓಡುವ ಬಹಳಷ್ಟು ಮಂದಿಗೆ ಆ ವೇಗ ಸಿಕ್ಕುವುದಿಲ್ಲ. ಆದ್ದರಿಂದ ಗೇಯೆನ್ ನಿಧಾನ, ಲೌಫೆನ್ ವೇಗ ಎಂದು ಗಡಿಯಾರ ಹಿಡಿದು ವಿಂಗಡಿಸುವುದು ಕ್ರೀಡಾಂಗಣದಲ್ಲೂ ಸಾಧ್ಯವಿಲ್ಲ. ಅಲ್ಲಿ ಗೆರೆ ಎಳೆಯುವುದು ಪಾದ ನೆಲ ಬಿಟ್ಟಿತೇ, ಮೊಣಕಾಲು ಬಾಗಿತೇ ಎಂಬ ಎರಡೇ ಸಂಗತಿ.

ಓಡಿ ಬಂದ, ಓಡಿ ಹೋದ

ಪದಗಳ ಅರ್ಥಕ್ಕಿಂತ ವಾಕ್ಯ ಕಟ್ಟುವ ಬಗೆಯಲ್ಲಿ ನಮಗೆ ಹೆಚ್ಚು ಕೆಲಸವಿದೆ. ಕನ್ನಡದಲ್ಲಿ ಚಲನೆಯ ಮುಖ್ಯ ಕ್ರಿಯಾಪದ ಸಾಮಾನ್ಯವಾಗಿ ಹೋಗು, ಬರು, ಹತ್ತು, ಇಳಿ. ಹೇಗೆ ಎಂಬುದು ಅದರ ಹಿಂದೆ ಅಪೂರ್ಣ ಕ್ರಿಯೆಯಾಗಿ ಬರುತ್ತದೆ: ಓಡಿ ಬಂದ, ಕುಂಟುತ್ತ ಹೋದ, ತೂರಾಡಿಕೊಂಡು ಇಳಿದ. ಜರ್ಮನ್ ಇದನ್ನು ತಿರುಗಿಸಿ ಹಾಕುತ್ತದೆ. ಹೇಗೆ ಎಂಬುದೇ ಅಲ್ಲಿ ಮುಖ್ಯ ಕ್ರಿಯಾಪದ, ಎಲ್ಲಿಗೆ ಎಂಬುದು ಪುಟ್ಟ ಪದವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ.

ಮನೆಯೊಳಗಿದ್ದ ಮಗು ಅಂಗಳಕ್ಕೆ ಓಡಿತು ಎನ್ನೋಣ. ನೀವು ಒಳಗೆ ಕುಳಿತು ನೋಡುತ್ತಿದ್ದರೆ ‘ಮಗು ಓಡಿ ಹೊರಗೆ ಹೋಯಿತು’ ಎನ್ನುತ್ತೀರಿ. ಜರ್ಮನ್: ‘ದಾಸ್ ಕಿಂಟ್ ರಾನ್ಟೆ ಹಿನೌಸ್’. ನೀವು ಅಂಗಳದಲ್ಲೇ ಇದ್ದರೆ ‘ಮಗು ಓಡಿ ಹೊರಗೆ ಬಂತು’. ಜರ್ಮನ್: ‘ದಾಸ್ ಕಿಂಟ್ ರಾನ್ಟೆ ಹೆರೌಸ್’. ‘ಔಸ್’ ಎಂದರೆ ಹೊರಗೆ. ಉಳಿದದ್ದು ‘ಹಿನ್’ ಮತ್ತು ‘ಹೆರ್’. ಹಿನ್ ಎಂದರೆ ಮಾತಾಡುವವರಿಂದ ಆಚೆಗೆ, ಹೆರ್ ಎಂದರೆ ಮಾತಾಡುವವರ ಕಡೆಗೆ. ನಮ್ಮಲ್ಲಿ ಹೋಗು, ಬರು ಎಂಬ ಎರಡು ಪೂರ್ಣ ಕ್ರಿಯಾಪದಗಳು ಹೊರುವ ಭಾರವನ್ನು ಜರ್ಮನ್ ಈ ಎರಡು ಚೂರುಗಳ ತಲೆಗೆ ಹಾಕಿದೆ. ಹಿನ್–ಹೆರ್ ವ್ಯತ್ಯಾಸ ಕಲಿಯುವವರಿಗೆ ವರ್ಷಗಟ್ಟಲೆ ಕಾಡುತ್ತದೆ ಎಂದು ಪುಸ್ತಕಗಳು ಹೆದರಿಸುತ್ತವೆ. ಕನ್ನಡಿಗರು ಹೆದರಬೇಕಿಲ್ಲ: ಮನಸ್ಸಿನಲ್ಲಿ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ಕೊನೆಯಲ್ಲಿ ‘ಹೋದ’ ಬಂದರೆ ಹಿನ್, ‘ಬಂದ’ ಬಂದರೆ ಹೆರ್ ಹಾಕಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಆಡುಮಾತಿನಲ್ಲಂತೂ ಹಿನೌಸ್, ಹೆರೌಸ್ ಎರಡನ್ನೂ ‘ರೌಸ್’ ಎಂದು ಕತ್ತರಿಸುವುದು ಸಾಮಾನ್ಯ, ಆಗ ಚಿಂತೆಯೇ ಇಲ್ಲ.

ಒಂದು ಕಡೆ ಮಾತ್ರ ಜರ್ಮನ್ ನಮ್ಮ ಹಾಗೆಯೇ ವಾಕ್ಯ ಕಟ್ಟುತ್ತದೆ, ಅದು ನನಗೆ ಬಹಳ ಇಷ್ಟವಾದ ರಚನೆ. ‘ಎರ್ ಕಾಮ್ ಗೆಲೌಫೆನ್’. ‘ಕಾಮ್’ ಎಂದರೆ ಬಂದ, ‘ಗೆಲೌಫೆನ್’ ಎಂದರೆ ಓಡಿ. ಪದಕ್ಕೆ ಪದ ಇಟ್ಟರೂ ಓಡಿ ಬಂದ. ಕುಂಟುತ್ತ ಬಂದವನು ‘ಕಾಮ್ ಆನ್‌ಗೆಹುಂಪೆಲ್ಟ್’. ಬರುವುದಕ್ಕೆ ಮಾತ್ರ ಈ ಸೌಲಭ್ಯ. ‘ಓಡಿ ಹೋದ’ ಎಂಬುದನ್ನು ಹೀಗೆ ಕಟ್ಟಲು ಬರುವುದಿಲ್ಲ.

ಬಗೆಯೇ ಮುಖ್ಯ ಕ್ರಿಯಾಪದವಾದ ಭಾಷೆಯಲ್ಲಿ ಬಗೆಗಳ ಹೆಸರು ಬೆಳೆಯುತ್ತವೆ. ಕಾಲೆತ್ತಿ ಕೆಸರಿನಲ್ಲೋ ಹಿಮದಲ್ಲೋ ಹೆಜ್ಜೆ ಇಡುವುದು ‘ಶ್ಟಾಪ್ಫೆನ್’, ಬಾತುಕೋಳಿಯ ಹಾಗೆ ಹೊಯ್ದಾಡುತ್ತ ನಡೆಯುವುದು ‘ವಾಚೆಲ್ನ್’, ಚಪ್ಪಲಿ ಎಳೆದುಕೊಂಡು ಹೋಗುವುದು ‘ಲಾಚೆನ್’, ಕುಡಿದು ತೂರಾಡುವುದು ‘ಟೋರ್ಕೆಲ್ನ್’, ಎದೆಯುಬ್ಬಿಸಿ ಬಿಂಕದಿಂದ ನಡೆಯುವುದು ‘ಶ್ಟೋಲ್ತ್ಸೀರೆನ್’, ಕಳ್ಳಹೆಜ್ಜೆ ಇಡುವುದು ‘ಶ್ಲೈಖೆನ್’. ಇವನ್ನೆಲ್ಲ ಪಟ್ಟಿ ಮಾಡಿ ಕಂಠಪಾಠ ಮಾಡುವುದು ವ್ಯರ್ಥ. ಕಥೆ ಓದುವಾಗ ಸಿಗುತ್ತವೆ, ಸಿಕ್ಕಲ್ಲಿ ಅಂಟಿಕೊಳ್ಳುತ್ತವೆ.

ಸುಮ್ಮನೆ ನಡೆಯುವುದಕ್ಕೂ ಬಗೆ ಬಗೆ

ಮೂರು ಪದಗಳನ್ನು ಮಾತ್ರ ಹಾಗೆ ಬಿಡುವಂತಿಲ್ಲ, ಏಕೆಂದರೆ ಜರ್ಮನ್ನರ ವಾರಾಂತ್ಯ ಇವುಗಳ ಮೇಲೆ ನಿಂತಿದೆ. ‘ಶ್ಪಾತ್ಸೀರೆನ್ ಗೇಯೆನ್’ ಎಂದರೆ ವಿಹಾರ: ಊಟವಾದ ಮೇಲೆ, ಭಾನುವಾರದ ಮಧ್ಯಾಹ್ನ, ಗಾಳಿ ಸೇವನೆಗೆ. ಪದ ಇಟಾಲಿಯನ್ ಭಾಷೆಯಿಂದ ಬಂದದ್ದು. ‘ಬುಮ್ಮೆಲ್ನ್’ ಎಂದರೆ ಅಂಗಡಿ ಬೀದಿಯಲ್ಲಿ ಕೊಳ್ಳುವ ಅವಸರವಿಲ್ಲದೆ ಅಡ್ಡಾಡುವುದು.

‘ವಾಂಡರ್ನ್’ ಇವೆರಡಕ್ಕಿಂತ ಗಂಭೀರ. ಇಂಗ್ಲಿಷಿನ ವಾಂಡರ್‌ನ ನೆನಪಿನಲ್ಲಿ ಗುರಿಯಿಲ್ಲದ ಅಲೆದಾಟ ಎಂದುಕೊಂಡರೆ ಕೆಟ್ಟಿತು. ಇದಕ್ಕೆ ನಕ್ಷೆ ಬೇಕು, ಗಟ್ಟಿ ಬೂಟು ಬೇಕು, ಬುತ್ತಿ ಬೇಕು, ಮರದ ಮೇಲೆ ಬಣ್ಣದಲ್ಲಿ ಬರೆದ ದಾರಿಗುರುತುಗಳಿರಬೇಕು. ಸಹೋದ್ಯೋಗಿಯೊಬ್ಬರು ‘ಶನಿವಾರ ವಾಂಡರ್ನ್‌ಗೆ ಬನ್ನಿ’ ಎಂದು ಕರೆದರೆ ಐದಾರು ಗಂಟೆ ಬೆಟ್ಟ ಹತ್ತಿಳಿಯುವ ಸಿದ್ಧತೆಯಲ್ಲಿ ಹೋಗಬೇಕು. ಬರ್ಲಿನ್‌ನ ಶ್ಟೇಗ್ಲಿಟ್ಸ್‌ನಲ್ಲಿ 1901ರಲ್ಲಿ ಸಂಘವಾಗಿ ರೂಪುಗೊಂಡ ‘ವಾಂಡರ್‌ಫೋಗೆಲ್’ ಎಂಬ ಯುವಜನರ ಚಳವಳಿ ಈ ಹವ್ಯಾಸಕ್ಕೆ ಹೊಸ ಹುರುಪು ತಂದಿತು. ಹೆಸರಿನ ಅರ್ಥ ವಲಸೆ ಹಕ್ಕಿ.

ಅದಕ್ಕಿಂತ ಹಳೆಯದು ಕಸುಬುದಾರರ ವಾಂಡರ್ನ್. ತರಬೇತಿ ಮುಗಿಸಿದ ಬಡಗಿ, ಗಾರೆ ಕೆಲಸದವರು ಮೂರು ವರ್ಷ ಮತ್ತು ಒಂದು ದಿನ ಊರೂರು ಸುತ್ತಿ ಕೆಲಸ ಕಲಿಯುವ ಪದ್ಧತಿ ಇಂದಿಗೂ ಇದೆ. ಕಪ್ಪು ಕಾರ್ಡುರಾಯ್ ಉಡುಪು, ಅಗಲ ಅಂಚಿನ ಟೋಪಿ, ಕೈಯಲ್ಲಿ ಸೊಟ್ಟ ಕೋಲು. ಆ ಅವಧಿಯಲ್ಲಿ ತಮ್ಮ ಊರಿನ ಸುತ್ತ 50 ಕಿಲೋಮೀಟರ್ ಒಳಗೆ ಅವರು ಬರುವಂತಿಲ್ಲ. ಅವರು ದಾರಿಯಲ್ಲಿ ಕೈ ಅಡ್ಡಹಾಕಿ ಕಾರು ಹತ್ತಿದರೂ ಅದು ವಾಂಡರ್ನ್‌ನ ಲೆಕ್ಕಕ್ಕೇ. ಇದೇ ಪದದ ಮೇಲೆ ‘ಔಸ್’ ಸೇರಿದರೆ ದೇಶ ಬಿಟ್ಟು ಹೋಗುವುದು, ‘ಐನ್’ ಸೇರಿದರೆ ಬಂದು ನೆಲೆಸುವುದು. ವಲಸೆಯ ಬಗ್ಗೆ ಅಲ್ಲಿನ ಪತ್ರಿಕೆಗಳಲ್ಲಿ ನಡೆಯುವ ಚರ್ಚೆಯೆಲ್ಲ ಈ ಕಾಲ್ನಡಿಗೆಯ ಪದದಲ್ಲೇ.

ಹೋಗಿದ್ದೇನೆ: ‘ಝೈನ್’ ಯಾವಾಗ, ‘ಹಾಬೆನ್’ ಯಾವಾಗ

‘ಹೋಗಿದ್ದೇನೆ’ ಬಗೆಯ ಭೂತಕಾಲಕ್ಕೆ ಜರ್ಮನ್ ಒಂದು ಸಹಾಯಕ ಕ್ರಿಯಾಪದ ಬೇಡುತ್ತದೆ: ‘ಝೈನ್’ (ಇರು) ಅಥವಾ ‘ಹಾಬೆನ್’ (ಹೊಂದಿರು). ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವ ಪದಗಳಿಗೆ ಝೈನ್ ಎಂಬುದು ಮೂಲ ನಿಯಮ. ‘ಇಖ್ ಬಿನ್ ಗೆಗಾಂಗೆನ್’, ‘ಇಖ್ ಬಿನ್ ಗೆಲೌಫೆನ್’, ‘ಇಖ್ ಬಿನ್ ಗೆರಾನ್ಟ್’. ಕನ್ನಡದ ‘ಹೋಗಿದ್ದೇನೆ’ಯಲ್ಲೂ ‘ಇರು’ ಇದೆಯಲ್ಲ ಎಂದು ನೆನಪಿಟ್ಟುಕೊಳ್ಳಬಹುದು. ಆದರೆ ನಾವು ‘ಇರು’ವನ್ನು ಎಲ್ಲ ಕ್ರಿಯೆಗಳಿಗೂ ಹಚ್ಚುತ್ತೇವೆ, ಅವರು ಆರಿಸಿ ಹಚ್ಚುತ್ತಾರೆ.

ಆರಿಸುವ ಬಗೆಯನ್ನು ಬುಮ್ಮೆಲ್ನ್‌ನಲ್ಲಿ ನೋಡಬೇಕು. ಪೇಟೆಯಲ್ಲಿ ಅಡ್ಡಾಡಿದರೆ ಝೈನ್. ಆದರೆ ಅದೇ ಪದಕ್ಕೆ ಕಾಲಹರಣ ಮಾಡು ಎಂಬ ಅರ್ಥವೂ ಇದೆ: ಶಾಲೆಗೆ ಹೊರಡಬೇಕಾದ ಹುಡುಗ ಕಾಲುಚೀಲ ಹಾಕಿಕೊಳ್ಳಲು ಅರ್ಧ ಗಂಟೆ ತೆಗೆದುಕೊಂಡರೆ, ಅದೂ ಬುಮ್ಮೆಲ್ನ್, ಆಗ ಸಹಾಯಕ ಪದ ಹಾಬೆನ್. ಹುಡುಗ ಇದ್ದ ಜಾಗ ಬಿಟ್ಟು ಕದಲಿಲ್ಲ! ಫಾರೆನ್‌ನಲ್ಲೂ ಹೀಗೆಯೇ. ಬರ್ಲಿನ್‌ಗೆ ಹೋದೆ ಎಂದರೆ ಝೈನ್, ಕಾರು ಓಡಿಸಿದೆ ಎಂದರೆ ಹಾಬೆನ್. ಕನ್ನಡದ ಹೋಗು, ಓಡಿಸು ಎಂಬ ಎರಡು ಪದಗಳ ಜಾಗದಲ್ಲಿ ಅಲ್ಲಿ ಒಂದೇ ಪದ. ಅರ್ಥ ಗೊತ್ತಾಗುವುದು ಸಹಾಯಕ ಪದದಿಂದ. ನಡೆದು ನಡೆದು ಕಾಲು ಹುಣ್ಣು ಮಾಡಿಕೊಂಡೆ ಎನ್ನಲು ‘ಇಖ್ ಹಾಬೆ ಮೀರ್ ದೀ ಫ್ಯೂಸೆ ವುಂಟ್ ಗೆಲೌಫೆನ್’. ಲೌಫೆನ್ ಆದರೂ ಹಾಬೆನ್, ಏಕೆಂದರೆ ಇಲ್ಲಿ ಮಾತು ತಲುಪಿದ ಜಾಗದ್ದಲ್ಲ, ಕಾಲಿಗೆ ಆದದ್ದರದು. ‘ಮೀರ್’ ಎಂಬುದು ನಮ್ಮ ‘ಮಾಡಿಕೊಂಡೆ’ಯ ‘ಕೊಂಡೆ’.

ದಾರಿ ತಪ್ಪುವುದರಲ್ಲೂ ಮೊದಲಿನ ವಾಹನದ ಪ್ರಶ್ನೆ ಬಿಡುವುದಿಲ್ಲ. ನಡೆಯುತ್ತ ದಾರಿ ತಪ್ಪಿದರೆ ‘ಫೆರ್‌ಲೌಫೆನ್’, ವಾಹನದಲ್ಲಿ ತಪ್ಪಿದರೆ ‘ಫೆರ್‌ಫಾರೆನ್’. ಯಾವುದೋ ವಿಚಾರಕ್ಕೆ ಜೋತುಬಿದ್ದು ಹಿಂದೆ ಬರಲಾಗದಷ್ಟು ದೂರ ಹೋದವರಿಗೆ ‘ಫೆರ್‌ರೆನ್ನೆನ್’. ತಡವಾಗಿ ಬಂದದ್ದಕ್ಕೆ ಫೋನಿನಲ್ಲಿ ಕಾರಣ ಹೇಳುವಾಗ ಈ ಮೂರರಲ್ಲಿ ಸರಿಯಾದದ್ದನ್ನು ಆರಿಸಿಕೊಂಡರೆ, ಬಸ್ಸಿನಲ್ಲಿದ್ದೀರೋ ಬೀದಿಯಲ್ಲಿದ್ದೀರೋ ಎಂದು ಆ ಕಡೆಯವರು ಮತ್ತೆ ಕೇಳುವುದಿಲ್ಲ.

ಜರ್ಮನಿಯಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡಿಗರು ತಪ್ಪದೆ ಗುರುತಿಸಬೇಕಾದ ರೂಪವೊಂದು ಉಳಿದಿದೆ: ‘ಆಬ್‌ಲೌಫೆನ್’, ಅವಧಿ ಮುಗಿಯುವುದು. ಹಾಲಿನ ಪೊಟ್ಟಣಕ್ಕೂ ಪಾಸ್‌ಪೋರ್ಟಿಗೂ ಇದೇ ಪದ. ಇದು ಒಡೆಯುವ ಕ್ರಿಯಾಪದ. ವಾಕ್ಯದಲ್ಲಿ ‘ಲಾಯ್ಫ್ಟ್’ ಮೊದಲೇ ಬಂದು ‘ಆಬ್’ ಕಟ್ಟಕಡೆಗೆ ಹೋಗಿ ಕೂರುತ್ತದೆ. ‘ಈರ್ ವೀಸುಮ್ ಲಾಯ್ಫ್ಟ್ ಆಮ್ 30. ಸೆಪ್ಟೆಂಬರ್ ಆಬ್’ ಎಂಬ ಪತ್ರವನ್ನು ಅರ್ಧ ಓದಿ ಬಿಟ್ಟರೆ ವೀಸಾ ಚೆನ್ನಾಗಿ ಓಡುತ್ತಿದೆ ಎಂದೇ ಅನ್ನಿಸುತ್ತದೆ. ಕೊನೆಯ ಎರಡಕ್ಷರ ಹೇಳುವುದು, ಸೆಪ್ಟೆಂಬರ್ 30ಕ್ಕೆ ಅದರ ಅವಧಿ ಮುಗಿಯುತ್ತದೆ ಎಂದು. ನವೀಕರಣದ ಅರ್ಜಿ ಆ ತಾರೀಖಿಗೆ ಮೊದಲೇ ಕಚೇರಿ ಸೇರಿರಬೇಕು.